ಅಕ್ಕನ ಮೇಲೊಂದು ತಾಲೀಮು

ಅಕ್ಕ ಇಸ್ತ್ರಿ ಪೆಟ್ಟಿಗೆ ಹಿಡಿದರೆ ಅಂಗಡಿಯಲ್ಲಿ ಯಾರೂ ಉಸಿರೆತ್ತುವಂತಿಲ್ಲ, ತಂಗಿಯೊಬ್ಬಳನ್ನು ಬಿಟ್ಟು. ಕಾಲೇಜಿಗೆ ಹೋಗುವ ಆ ಹುಡುಗಿಯ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ.

"ಹಿಂಸೆಯಿಂದ ಪಾರಾಗಿ ಬಂದವರು ತಮ್ಮನ್ನೇ ಎಷ್ಟು ತಪ್ಪಿತಸ್ಥರು ಅಂದ್ಕೊಳ್ತಾರೆ ಅಂತ ಅಳೆಯೋ ಪ್ರಶ್ನೆಗಳು ಕಣೇ. ಕಾಲೇಜಿನ ಕೆಲಸಕ್ಕೆ ನಾಳೆ ಅಂಥವರನ್ನ ಮೊದಲ ಸಲ ಕೇಳ್ಬೇಕು. ಮನೆಯವರ ಮೇಲೆ ತಾಲೀಮು ಬೇಡ ಅಂದಿದಾರೆ ಮೇಡಂ, ಆದ್ರೆ ನಂಗಿನ್ಯಾರಿದಾರೆ? ಸೊನ್ನೆ ಅಂದ್ರೆ ಒಂಚೂರೂ ಇಲ್ಲ, ನಾಲ್ಕು ಅಂದ್ರೆ ಪೂರ್ತಿ ನಿಜ. ಅಷ್ಟರೊಳಗೆ ಒಂದು ಹೇಳು, ಸಾಕು."

"ನಾನೇನು ನಿನ್ನ ಪ್ರಯೋಗದ ಇಲಿಯಾ? ಹ್ಞೂಂ, ಕೇಳು."

ಮಲತಂದೆಯ ಮನೆಯಿಂದ ಇಬ್ಬರೂ ಪಾರಾಗಿ ಬಂದವರೇ. ಆ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಅಕ್ಕ ಎಲ್ಲದಕ್ಕೂ ಸೊನ್ನೆ, ಸೊನ್ನೆ ಎನ್ನುತ್ತಾ ಅಂಗಿಯ ಕಾಲರು ತೀಡಿದಳು. ತಂಗಿ ಫೋನ್ ನೋಡಿಕೊಂಡು ಹಾಡಿನಂತೆ ಓದುತ್ತಾ ಹೋದಳು.

"'ನನ್ನನ್ನು ಉಳಿಸಿಕೊಳ್ಳಲು ಇನ್ನೊಬ್ಬರಿಗೆ ನೋವಾಗುವಂತೆ ಮಾಡಿದೆ.' ಎಷ್ಟು?"

ಇಸ್ತ್ರಿ ಪೆಟ್ಟಿಗೆ ನಿಂತಲ್ಲೇ ನಿಂತಿತು. ಸುಟ್ಟ ವಾಸನೆ ಬಂದಾಗ ತಂಗಿಯೇ ಎದ್ದು ಅದನ್ನು ಪಕ್ಕಕ್ಕಿಟ್ಟಳು.

"ನಾಲ್ಕು," ಎಂದಳು ಅಕ್ಕ. "ಬೀರು ಹಿಂದೆ ಬಚ್ಚಿಟ್ಕೊಂಡಿದ್ದೆ ನೀನು. ಅವನು ಬೆಲ್ಟ್ ಹಿಡಿದು ನನ್ನ ಕಡೆ ಬಂದ. ನಾನೇ ನಿನ್ನ ತೋರಿಸ್ಬಿಟ್ಟೆ ಕಣೇ."

ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು. ಇವಳೀಗ ಎದ್ದು ಹೋಗುತ್ತಾಳೆ ಎಂದುಕೊಂಡು ಅಕ್ಕ ಬಾಗಿಲನ್ನೇ ನೋಡಿದಳು.

"ಸಂದಿಯಿಂದ ನೋಡಿದ್ದೆ," ಎಂದಳು ತಂಗಿ.

"ಗೊತ್ತಿತ್ತಾ?"

"ಸಿಟ್ಟೂ ಬಂದಿತ್ತು. ನಿನ್ನ ಬಾಚಣಿಗೆಗಳು ಮಾಯ ಆಗ್ತಿದ್ವಲ್ಲ? ಎಲ್ಲಾ ನಾನೇ ಚರಂಡಿಗೆ ಎಸೀತಿದ್ದೆ."

"ಅಯ್ಯೋ ಪಾಪಿ! ಬೆಕ್ಕಿಗೆ ಬೈತಿದ್ನಲ್ಲೇ ನಾನು!" ಅಕ್ಕ ನಗಲು ಹೋಗಿ ಅತ್ತಳು.

"ನೀನೂ ಚಿಕ್ಕವಳೇ ಅಲ್ವೇನೇ ಆಗ? ಹೊಡೆದಿದ್ದು ಅವನು."

"ಆದ್ರೂ ನಾಲ್ಕೇ. ಕಡಿಮೆ ಮಾಡ್ಬೇಡ."

"ಆಯ್ತು, ನಾಲ್ಕೇ." ಹುಟ್ಟಿದಾಗಿನಿಂದ ಮೊದಲ ಸಲ ತಂಗಿ ವಾದ ಮಾಡಲಿಲ್ಲ. "ಮುಂದಿಂದು. 'ನಾನು ಮಾಡಿದ್ದು ತಿಳಿದರೆ ನನ್ನವರು...'"

ಅವಳು ಫೋನ್ ಕೆಳಗಿಳಿಸಿದಳು. ಅಕ್ಕ ಫೋನ್ ಇಸಿದುಕೊಂಡು ತಾನೇ ಓದಿದಳು: 'ನನ್ನವರು ನನ್ನನ್ನು ಬಿಟ್ಟುಹೋಗುತ್ತಾರೆ.' ತಂಗಿ ಹತ್ತಿರ ಸರಿದು ಅವಳ ಹೆಗಲಿಗೆ ತಲೆಯಾನಿಸಿದಳು. ಅಕ್ಕನಿಗೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಸೊನ್ನೆ ಒತ್ತಿದಳು.

"ಮೊದಲಿನ ಸೊನ್ನೆಗಳೆಲ್ಲ ಬರೀ ಸುಳ್ಳು ತಾನೇ?"

"ಹ್ಞೂಂ."

"ಮತ್ತೆ ಮೊದಲಿಂದ ಕೇಳ್ಲಾ?"

ಅಕ್ಕ ಸ್ವಿಚ್ ಆರಿಸಿ ಕೂತಳು. "ಕೇಳು. ಪಟಪಟ ಅಂತ ಬೇಡ. ನಿಧಾನಕ್ಕೆ ಕೇಳು."