ಗಿರಣಿಯಮ್ಮನ ಬಿಳಿ ಹಿಟ್ಟು

ಮನೆಗೆ ಮೊಮ್ಮಗಳು ಬಂದು ತಿಂಗಳಾಗಿತ್ತು. ಅಜ್ಜಿ ಮಾತ್ರ ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಹಿಟ್ಟಿನ ಗಿರಣಿ ನಡೆಸುವ ಈ ಅಜ್ಜಿಯನ್ನು ಬೀದಿಯವರೆಲ್ಲ ಗಿರಣಿಯಮ್ಮ ಎಂದೇ ಕರೆಯುತ್ತಿದ್ದರು. ಮೂಟೆ ಎತ್ತುವುದರಲ್ಲಿ ಗಂಡಸರಿಗಿಂತ ಒಂದು ಕೈ ಮೇಲು. ಅಂಥವಳಿಗೆ ಈಗ ಮೆಟ್ಟಿಲು ಹತ್ತಿದರೆ ಸುಸ್ತು, ಮಲಗಿದರೆ ಕಾಲು ಸೆಳೆತ. ಇದ್ದಕ್ಕಿದ್ದಂತೆ ಬೆರಳುಗಳು ಮಡಚಿಕೊಂಡು ಬಿಗಿದುಬಿಡುತ್ತಿದ್ದವು. ಮಗು ಕೈಜಾರಿದರೆ ಗತಿಯೇನು ಎಂದು ಹೆದರಿ, ಸೊಸೆ ಕೂಸನ್ನು ಚಾಚಿದಾಗಲೆಲ್ಲ ಏನೋ ಕೆಲಸ ನೆನಪಾದವಳಂತೆ ಎದ್ದುಹೋಗುತ್ತಿದ್ದಳು. ಹೆಣ್ಣು ಹುಟ್ಟಿತೆಂದು ಅತ್ತೆಗೆ ಬೇಸರವೇನೋ ಎಂದು ಸೊಸೆ ಒಳಗೊಳಗೇ ಕೊರಗುತ್ತಿದ್ದಳು.

ಕೂಸನ್ನು ನೋಡಲು ಗಿರಣಿಯಮ್ಮನ ನಾದಿನಿ ಬಂದಳು. ಆಕೆ ನರ್ಸು. ಸುಸ್ತು, ಸೆಳೆತ, ಕೂಸು ಕೈಜಾರೀತೆಂಬ ಭಯ, ಎಲ್ಲವನ್ನೂ ಅತ್ತಿಗೆಯ ಬಾಯಿಂದ ಹೊರಡಿಸಿಯೇ ಬಿಟ್ಟಳು. ಆಮೇಲೆ ಅಡುಗೆಮನೆಯ ಡಬ್ಬಿ ತೆಗೆದು ನೋಡಿದರೆ, ಗೋಧಿ ಹಿಟ್ಟು ಪೌಡರಿನಷ್ಟು ಬೆಳ್ಳಗಿತ್ತು. ಗಿರಣಿಯವರ ಮನೆ ಹಿಟ್ಟು ಹಾಗೇ ಇರಬೇಕೆಂಬುದು ಗಿರಣಿಯಮ್ಮನ ಹಟ. ತೆಳುಬಟ್ಟೆಯಲ್ಲಿ ಎರಡೆರಡು ಸಲ ಸೋಸಿ, ತೌಡನ್ನೆಲ್ಲ ಮೇಕೆಗೆ ಹಾಕುತ್ತಿದ್ದಳು. ಪಕ್ಕದಲ್ಲೇ ಎದೆಯುರಿಯ ಮಾತ್ರೆ. ಯಾವ ಕಾಲದಲ್ಲೋ ಡಾಕ್ಟರು ಸ್ವಲ್ಪ ದಿನಕ್ಕೆಂದು ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ತಾನೇ ತಂದು ನುಂಗುತ್ತಿದ್ದಳು.

“ಮೇಕೆ ನೋಡಿದ್ರೆ ಗೋಡೆ ಹಾರುತ್ತೆ, ನೀನು ಗೋಡೆ ಹಿಡ್ಕೊಂಡು ನಡೀತೀಯ” ಎಂದು ನಾದಿನಿ ಛೇಡಿಸಿದಳು.

ವಯಸ್ಸಾಯಿತು, ಅದಕ್ಕೇನು ಮದ್ದು ಎಂದು ಗಿರಣಿಯಮ್ಮ ಮಾತು ಹಾರಿಸಿದಳು. ನಾದಿನಿ ಬಿಡಬೇಕಲ್ಲ.

“ಮೈಯ ಜೀವಕೋಶಗಳ ಒಳಗೆ ನಿನ್ನ ಗಿರಣಿಯಂಥವೇ ಇವೆ ಅತ್ತಿಗೆ, ಮೈಟೋಕಾಂಡ್ರಿಯ ಅಂತಾರೆ. ತಿಂದಿದ್ದನ್ನ ಶಕ್ತಿ ಮಾಡೋದು ಅವೇ. ಕಾಳಿದೆ, ಕರೆಂಟಿದೆ, ಬೆಲ್ಟೇ ಇಲ್ಲ ಅಂದ್ರೆ ನಿನ್ನ ಕಲ್ಲು ತಿರುಗುತ್ತಾ? ಮೆಗ್ನೀಸಿಯಮ್ ಆ ಬೆಲ್ಟಿದ್ದ ಹಾಗೆ. ಸ್ನಾಯು ಬಿಗಿಯೋಕೂ ಶಕ್ತಿ ಬೇಕು, ಸಡಿಲಾಗೋಕೂ ಬೇಕು. ಇಲ್ದಿದ್ರೆ ನಿನ್ನ ಬೆರಳಿನ ಹಾಗೆ ಬಿಗಿದುಕೊಂಡೇ ಇರುತ್ತೆ.”

ಆ ಮೆಗ್ನೀಸಿಯಮ್ ತೌಡಿನಲ್ಲೇ ಹೆಚ್ಚು, ಅದು ಮೇಕೆಯ ಪಾಲಾಗುತ್ತಿದೆ ಎಂದಳು. ಎದೆಯುರಿಯ ಕೆಲವು ಮಾತ್ರೆಗಳನ್ನು ಬಹಳ ಕಾಲ ನುಂಗಿದರೆ ಕೆಲವರ ಮೈ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂದೂ ಹೇಳಿದಳು. ಸೆಳೆತಕ್ಕೆ ಬೇರೆ ಕಾರಣವೂ ಇರಬಹುದು, ಊಹೆ ಬೇಡ, ರಕ್ತ ಪರೀಕ್ಷೆ ಮಾಡಿಸೋಣ ಎಂದಾಗ ಗಿರಣಿಯಮ್ಮ ಮುಖ ತಿರುಗಿಸಿದಳು. ಸೂಜಿ ಎಂದರೆ ಆಕೆ ಮಾರುದೂರ.

ಬಾಗಿಲಲ್ಲಿ ಕೂಸಿನೊಂದಿಗೆ ನಿಂತಿದ್ದ ಸೊಸೆಗೆ ಎಲ್ಲ ಕೇಳಿಸಿತ್ತು.

“ಇದಕ್ಕಾ ಅತ್ತೆ ನೀವು ಇವಳನ್ನ ಎತ್ಕೊಳ್ಳದೇ ಇದ್ದಿದ್ದು? ನಾನು ಏನೇನೋ ಅಂದ್ಕೊಂಡಿದ್ದೆ” ಎಂದವಳು ಅತ್ತೇಬಿಟ್ಟಳು.

ಗಿರಣಿಯಮ್ಮ ಸೆರಗಿನಿಂದ ಸೊಸೆಯ ಕಣ್ಣೊರೆಸಿದಳು. ಮರುದಿನವೇ ಆಸ್ಪತ್ರೆಗೆ ಹೊರಟಳು.

ಪರೀಕ್ಷೆಯಲ್ಲಿ ಮೆಗ್ನೀಸಿಯಮ್ ತೀರಾ ಕಡಿಮೆ ಬಂತು. ಡಾಕ್ಟರು ಕಿಡ್ನಿ ಸರಿಯಿದೆಯೇ ಎಂದು ನೋಡಿ ಔಷಧಿ ಕೊಟ್ಟರು, ಎದೆಯುರಿಯ ಮಾತ್ರೆ ಬದಲಿಸಿದರು. ಮನೆಯಲ್ಲಿ ತೌಡು ಹಿಟ್ಟಿನಲ್ಲೇ ಉಳಿಯಿತು. ತಟ್ಟೆಗೆ ಸೊಪ್ಪು, ಕಾಳು, ಕಡಲೆಬೀಜ ಬಂದವು. ಸೋಸುವ ಬಟ್ಟೆಯನ್ನು ಒಗೆದು ಕೂಸಿಗೆ ಹೊದಿಸಿದರು. ಮೇಕೆ ಮಾತ್ರ ಕೆಲವು ದಿನ ಮುನಿಸಿಕೊಂಡಿತ್ತು.

ಬೆರಳು ಬಿಗಿಯುವುದು ನಿಂತ ಮೇಲೆ, ಒಂದು ಬೆಳಿಗ್ಗೆ ಗಿರಣಿಯಮ್ಮ ತಾನಾಗಿಯೇ ಸೊಸೆಯ ಮುಂದೆ ಕೈ ಚಾಚಿದಳು. ಮಡಿಲಿಗೆ ಬಂದ ಕೂಸು ಅಜ್ಜಿಯ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವತ್ತು ಗಿರಣಿ ತಡವಾಗಿ ತೆರೆಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸುಸ್ತು, ಸೆಳೆತವನ್ನು ಯಾರಿಗೂ ಹೇಳದೆ ಸಹಿಸುವವರು ಇರಬಹುದು. ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೇ ಒಯ್ಯಿರಿ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಮೆಗ್ನೀಸಿಯಮ್ ಮಾತ್ರೆಯನ್ನು ನೀವಾಗಿಯೇ ಶುರುಮಾಡಲೂ ಬೇಡಿ. ಇವತ್ತು ಹಿಟ್ಟು ಸೋಸುವ ಮುನ್ನ ಮಾತ್ರ ಒಂದು ಗಳಿಗೆ ಯೋಚಿಸಿ. ನಿಮ್ಮ ಕೈಗಾಗಿ ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ.