ನಾಲ್ಕನೆಯ ಕಂತು

ಪುಸ್ತಕಪ್ರೇಮಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ರಟ್ಟಿಗೆ ಬೆವರು ತಾಗೀತೆಂದು ಬೆರಳ ತುದಿಯಲ್ಲಿ ಹಿಡಿಯುವವರು, ಹೊಸ ಪುಟವನ್ನು ಹೂವಿನ ಹಾಗೆ ಮೂಸುವವರು, ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿದು, ತಾವೂ ಓದದೆ ಬೇರೆಯವರಿಗೂ ಕೊಡದೆ ಧನ್ಯರಾಗುವವರು. ಆದರೆ ಹೊಸ ಪುಸ್ತಕ ಮನೆಯ ಹೊಸ್ತಿಲು ದಾಟಿದ ಕೂಡಲೇ ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಬ್ಲೇಡಿನಿಂದ ಬೆನ್ನು ಸೀಳಿ, ಆರೋ ಏಳೋ ತುಂಡು ಮಾಡಿ, ತೃಪ್ತಿಯಿಂದ ಕೈ ಒರೆಸಿಕೊಳ್ಳುತ್ತಿದ್ದವರು ನಾನು ಕಂಡಂತೆ ಒಬ್ಬರೇ. ಅವರು ನಮ್ಮ ದೊಡ್ಡಮ್ಮ. ಅವರಷ್ಟು ಭಕ್ತಿಯಿಂದ ಓದಿದವರನ್ನೂ ನಾನು ಈ ಜನ್ಮದಲ್ಲಿ ಬೇರೆ ಕಂಡಿಲ್ಲ. ಈ ಎರಡು ಮಾತೂ ಒಂದೇ ಮನುಷ್ಯರ ಬಗ್ಗೆ ಹೇಗೆ ನಿಜವಾದೀತು ಎಂದು ಕೇಳುವವರು ಕೂಡುಕುಟುಂಬದಲ್ಲಿ ಬೆಳೆದವರಲ್ಲ ಎಂದು ನಾನು ಊಹಿಸಬಲ್ಲೆ.

ಅಣ್ಣತಮ್ಮಂದಿರು ಮೂವರು, ಅವರ ಹೆಂಡಿರು ಮಕ್ಕಳು, ಎಲ್ಲರ ಮೇಲೆ ತಾತ. ಮನೆಯಲ್ಲಿ ಓದುವ ಚಟ ಹತ್ತಿದವರು ಐದಾರು ಮಂದಿ, ಪುಸ್ತಕ ಒಂದು. ಒಬ್ಬರು ಓದುತ್ತಿದ್ದರೆ ಉಳಿದವರು ಬಾಯಿ ಬಿಟ್ಟುಕೊಂಡು ಕಾಯಬೇಕು. ಕಾಯುವ ಮುಖಗಳನ್ನು ನೋಡುತ್ತ ಓದುವುದು ದೊಡ್ಡಮ್ಮನಿಗೆ ಹಸಿದವರ ಎದುರಿಗೆ ಉಂಡಹಾಗೆ ಆಗುತ್ತಿತ್ತಂತೆ. ಆದ್ದರಿಂದ ಅವರು ಪುಸ್ತಕವನ್ನು ಬಿಚ್ಚಿದರು. ತುಂಡಿಗೆ ನಮ್ಮ ಮನೆಯಲ್ಲಿ ಕಂತು ಎಂದು ಹೆಸರು. ಮೊದಲನೆಯ ಕಂತು ಓದಿ ಮುಗಿದ ಕೂಡಲೇ ಅದು ದೊಡ್ಡಮ್ಮನಿಂದ ಚಿಕ್ಕಮ್ಮನಿಗೆ, ಚಿಕ್ಕಮ್ಮನಿಂದ ನಮ್ಮಮ್ಮನಿಗೆ, ಅಲ್ಲಿಂದ ದೊಡ್ಡಪ್ಪನಿಗೆ, ಕೊನೆಗೆ ನನಗೆ. ಹೀಗೆ ಒಂದೇ ಕಾದಂಬರಿಯಲ್ಲಿ ನಮ್ಮ ಮನೆಯವರೆಲ್ಲ ಇರುವೆಯ ಸಾಲಿನ ಹಾಗೆ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದೆವು. ಮುಂದೆ ಹೋದವರು ಹಿಂದಿನವರಿಗೆ ಕಥೆ ಹೇಳಬಾರದು. ಮನೆಯಲ್ಲಿದ್ದ ಕಟ್ಟುನಿಟ್ಟಾದ ಕಾನೂನು ಅದೊಂದೇ. ಕೊನೆಯವನಾದ ನಾನೂ ಓದಿ ಮುಗಿಸಿದ ಮೇಲೆ ದೊಡ್ಡಮ್ಮ ದಬ್ಬಳ, ಮೇಣ ಹಚ್ಚಿದ ದಾರ ಹಿಡಿದು ಕೂತು ಕಂತುಗಳನ್ನೆಲ್ಲ ಮತ್ತೆ ಸೇರಿಸಿ ಹೊಲಿದು, ಬಟ್ಟೆ ಅಂಟಿಸಿ, ಅಂಗಡಿಯಿಂದ ಬಂದದ್ದಕ್ಕಿಂತ ಗಟ್ಟಿಯಾಗಿ ಕಪಾಟಿಗೆ ಸೇರಿಸುತ್ತಿದ್ದರು.

ಹೊಲಿಗೆ ಅವರ ಕಸುಬು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆಕೋಣೆಯಲ್ಲಿ ಅವರು ಹರಿದ ಹಾಸುಬಟ್ಟೆಗೆ ತೇಪೆ ಹಾಕಿ, ದಿಂಬಿನ ಚೀಲಕ್ಕೆ ಲಾಡಿ ಹೊಲಿದು, ವೈದ್ಯರ ಕೋಟುಗಳಿಗೆ ಕಿತ್ತುಬಂದ ಗುಂಡಿ ಹಚ್ಚುತ್ತ ಆಯುಷ್ಯ ಕಳೆದವರು. ಅವರಿಗೂ ಒಂದು ಬಿಳಿಯ ಕೋಟು ಇತ್ತು. ಅದರ ಬಲಗಡೆಯ ಜೇಬನ್ನು ಅವರು ಬಿಚ್ಚಿ, ಸರಿಯಾಗಿ ಒಂದು ಕಂತು ಹಿಡಿಯುವ ಅಳತೆಗೆ ದೊಡ್ಡದು ಮಾಡಿಕೊಂಡಿದ್ದರು. ಆ ಜೇಬಿನ ಭಾರಕ್ಕೋ ಅಭ್ಯಾಸಕ್ಕೋ ಅವರ ಬಲಭುಜ ಸದಾ ಕೊಂಚ ಇಳಿದಿರುತ್ತಿತ್ತು. ಯಾವುದೋ ಕಾಣದ ಮಗು ಕೋಟು ಹಿಡಿದು ಜಗ್ಗುತ್ತಿದೆಯೇನೋ ಎಂಬಂತೆ, 'ಇರು, ಬಂದೆ' ಎಂದು ಅದಕ್ಕೆ ಸಮಾಧಾನ ಹೇಳುತ್ತಿದ್ದಾರೇನೋ ಎಂಬಂತೆ, ಅವರು ಓರೆಯಾಗಿ ನಡೆಯುತ್ತಿದ್ದರು. ರದ್ದಾದ ಹಾಸುಬಟ್ಟೆಯ ತುಂಡುಗಳೇ ನಮ್ಮ ಪುಸ್ತಕಗಳ ಹೊದಿಕೆ. ಕಪಾಟಿನ ಮುಂದೆ ನಿಂತರೆ ಆಸ್ಪತ್ರೆಯ ವಾರ್ಡಿನಲ್ಲಿ ನಿಂತಹಾಗೆ. ಎಲ್ಲರೂ ನೀಲಿ ಪಟ್ಟೆಯ ಉಡುಪು ತೊಟ್ಟು, ಚೇತರಿಸಿಕೊಳ್ಳುತ್ತ, ಶಿಸ್ತಾಗಿ ನಿಂತಿದ್ದಾರೆ.

ದೊಡ್ಡಮ್ಮನ ಬಾಯಲ್ಲಿ ಹೆಚ್ಚು ಮಾತಿರಲಿಲ್ಲ. ಇದ್ದದ್ದು ಒಂದು ಪದ: 'ಆಮೇಲೆ?' ಯಾರು ಏನು ಹೇಳಿದರೂ ಅದೇ. ಪಕ್ಕದ ಮನೆಯವರ ಮಗಳು ಹೇಳದೆ ಕೇಳದೆ ಮದುವೆಯಾದಳೆಂದರೆ, 'ಆಮೇಲೆ?' ನಾನು ಪರೀಕ್ಷೆಯಲ್ಲಿ ನಪಾಸಾದೆನೆಂದು ತೊದಲುತ್ತ ಬಂದು ನಿಂತಾಗಲೂ, 'ಆಮೇಲೆ?' ಅಪ್ಪನ ಏಟಿಗೆ ಬೆನ್ನು ಒಡ್ಡಿಕೊಂಡಿದ್ದ ನನಗೆ ಆ ಒಂದು ಪದ ಕೇಳಿ, ಅರೆ, ಇದು ಕಥೆಯ ಕೊನೆಯಲ್ಲವೇನೋ ಎಂದು ಮೊದಲ ಸಲ ಹೊಳೆಯಿತು. ಇನ್ನೊಂದು ಹಟವಿತ್ತು: ಹಿಡಿದ ಪುಟ ಮುಗಿಯದೆ ಅವರು ಏಳುತ್ತಿರಲಿಲ್ಲ. ಹಾಲು ಉಕ್ಕಲಿ, ಬಾಗಿಲು ಬಡಿಯಲಿ, ನೆಂಟರು ಬಂದು ಎದುರಿಗೆ ನಿಲ್ಲಲಿ, ಪುಸ್ತಕದಿಂದ ಕಣ್ಣೆತ್ತದೆ ತೋರುಬೆರಳೊಂದನ್ನು ಮೇಲೆತ್ತುವರು. ತಡೆಯಿರಿ ಎಂದರ್ಥ. ಹಾಲು ಮಾತ್ರ ಆ ಬೆರಳಿಗೆ ಎಂದೂ ಮರ್ಯಾದೆ ಕೊಡಲಿಲ್ಲ, ಉಳಿದವರೆಲ್ಲ ಕೊಟ್ಟೆವು.

ನನ್ನನ್ನು ಸಾಲಿನ ಕೊನೆಗೆ ಹಾಕಿದ್ದು ವಯಸ್ಸಿನ ಕಾರಣಕ್ಕಲ್ಲ. ನಾನು ಓದುವುದು ಎಮ್ಮೆ ಮೆಲುಕು ಹಾಕಿದಷ್ಟು ನಿಧಾನ. 'ಇವನನ್ನ ಮಧ್ಯೆ ಹಾಕಿದ್ರೆ ಹಿಂದಿನವರು ಮುದುಕರಾಗ್ತಾರೆ' ಎಂದು ಚಿಕ್ಕಮ್ಮ ತೀರ್ಪು ಕೊಟ್ಟಿದ್ದಳು. ಮುಂದೆ ಇಂಥವನೂ ಬರೆಯುವವನಾಗಿ, ಒಂದು ಪುಸ್ತಕ ಅಚ್ಚಾಗಿ, ಮೊದಲ ಪ್ರತಿಯನ್ನು ದೊಡ್ಡಮ್ಮನ ಕೈಗಿಟ್ಟು, ಬ್ಲೇಡಿಗಾಗಿ ಮೇಜಿನತ್ತ ನೋಡಿದೆ. ಅವರು ಅತ್ತಿತ್ತ ತಿರುಗಿಸಿ, ತೂಗಿ, ಬಹಳ ಅಕ್ಕರೆಯಿಂದ ಹೇಳಿದರು: 'ಇದನ್ನ ಕತ್ತರಿಸೋದು ಬೇಡ ಬಿಡಪ್ಪ. ಯಾರೂ ಅಷ್ಟು ಅವಸರದಲ್ಲಿಲ್ಲ.' ನನ್ನ ಸಾಹಿತ್ಯಕ್ಕೆ ಇದಕ್ಕಿಂತ ನಿಖರವಾದ ವಿಮರ್ಶೆ ಇನ್ನೂ ಬಂದಿಲ್ಲ.

ಇಂಥ ಮನೆ ಒಡೆಯಿತು. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎನ್ನುತ್ತಾರೆ; ನಮ್ಮಲ್ಲಿ ಮಾತೂ ಬೇಕಾಗಲಿಲ್ಲ, ಒಂದು ಬೆರಳು ಮತ್ತು ಒಂದು ಪದ ಸಾಕಾಯಿತು.

ತಾತ ತೀರಿಕೊಂಡ ಮೇಲೆ ಬೀದಿಗೆ ಕಿಟಕಿಯಿದ್ದ ಅವರ ಕೋಣೆ ಖಾಲಿಯಾಯಿತು. ಅಲ್ಲಿಗೆ ಮೊದಲು ಒಂದು ಕಪಾಟು ಹೋಯಿತು, ಅದರ ಹಿಂದೆ ಇನ್ನೊಂದು, ಆಮೇಲೆ ಮಂಚದ ಮೇಲೂ ಮಂಚದ ಕೆಳಗೂ ಪುಸ್ತಕ. ಅಷ್ಟರಲ್ಲಿ ಚಿಕ್ಕಮ್ಮನ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ; ಮೆಟ್ಟಿಲು ಹತ್ತುವ ಹಾಗಿಲ್ಲ; ಕೆಳಗೆ ಇರುವುದು ಅದೊಂದೇ ಕೋಣೆ. ಚಿಕ್ಕಮ್ಮ ಕೇಳಿದಳು. 'ಅದಕ್ಕೇನಂತೆ, ಭಾನುವಾರದೊಳಗೆ ಖಾಲಿ ಮಾಡ್ತೀನಿ' ಎಂದರು ದೊಡ್ಡಮ್ಮ, ಒಂದು ಕ್ಷಣವೂ ಯೋಚಿಸದೆ, ಮನಃಪೂರ್ವಕವಾಗಿ.

ಆದರೆ ಪುಸ್ತಕವನ್ನು ತೆರೆದು ನೋಡದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಡುವ ವಿದ್ಯೆ ಅವರಿಗೆ ಒಲಿದಿರಲಿಲ್ಲ. ಭಾನುವಾರ ಕಳೆಯಿತು, ಕಪಾಟಿನ ಒಂದು ಅಂಕಣವಷ್ಟೇ ಖಾಲಿಯಾಗಿತ್ತು. ಆ ಅಜ್ಜಿ ಬಂದೇ ಬಿಟ್ಟರು. ಅವರಿಗೆ ಮೆಟ್ಟಿಲ ಬುಡದಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ ಹಾಸಿಗೆ ಹಾಕಿದ್ದಾಯಿತು. 'ಇನ್ನೆರಡು ದಿನ' ಎಂದರು ದೊಡ್ಡಮ್ಮ. ಎರಡು ದಿನ ವಾರವಾಯಿತು, ವಾರ ಮುಗಿದು ಇನ್ನೊಂದು ವಾರ ಹಿಡಿಯಿತು. ನಮ್ಮ ಕಾಲುಗಳು ಅಜ್ಜಿಯ ತಲೆಯ ಪಕ್ಕದಲ್ಲೇ ಹತ್ತಿ ಇಳಿದವು. ಒಂದು ಸಂಜೆ ಚಿಕ್ಕಮ್ಮ ಆ ಕೋಣೆಗೆ ಹೋದಳು. ದೊಡ್ಡಮ್ಮ ನೆಲದ ಮೇಲೆ ಪುಸ್ತಕದ ರಾಶಿಗಳ ನಡುವೆ ಕೂತು, ಯಾವಾಗಲೋ ಓದಿದ್ದ ಯಾವುದನ್ನೋ ಮತ್ತೆ ಓದುತ್ತಿದ್ದರು. ಕಣ್ಣೆತ್ತದೆ ಬೆರಳೆತ್ತಿದರು. ಚಿಕ್ಕಮ್ಮ ನಿಂತಳು. ಪುಟ ಮುಗಿಯುವ ತನಕ ನಿಂತಳು.

'ನಾವು ಬೇರೆ ಮನೆ ನೋಡಿದ್ದೀವಿ, ಅಕ್ಕ.'

'ಆಮೇಲೆ?' ಎಂದರು ದೊಡ್ಡಮ್ಮ, ಅಭ್ಯಾಸಬಲದಿಂದ.

'ಆಮೇಲೆ ಏನಿಲ್ಲ. ನಮ್ಮಮ್ಮ ಪುಸ್ತಕವಾಗಿ ಹುಟ್ಟಿದ್ರೆ ಈ ಮನೇಲಿ ಒಂದು ಜಾಗ ಇರ್ತಿತ್ತು.'

ಮಾರನೆಯ ಬೆಳಿಗ್ಗೆಯೇ ಚಿಕ್ಕಪ್ಪನ ಸಂಸಾರ ಊರಿನ ಇನ್ನೊಂದು ತುದಿಗೆ ಹೊರಟುಹೋಯಿತು. ಅವರ ಸಾಮಾನಿನ ಜೊತೆಗೆ, ಚಿಕ್ಕಮ್ಮನ ದಿಂಬಿನ ಕೆಳಗಿದ್ದ ಒಂದು ಕಾದಂಬರಿಯ ನಾಲ್ಕನೆಯ ಕಂತೂ ಹೋಯಿತು.

ಅಂದು ಮಧ್ಯಾಹ್ನ ದೊಡ್ಡಮ್ಮ ಕೆಲಸಕ್ಕೆ ರಜೆ ಹಾಕಿ, ಕೋಟಿನ ತೋಳು ಮಡಚಿ, ಆ ಕೋಣೆಯ ಅಷ್ಟೂ ಪುಸ್ತಕಗಳನ್ನು ಒಬ್ಬರೇ ಹೊತ್ತು ಮೆಟ್ಟಿಲು ಹತ್ತಿಸಿದರು. ಒಂದನ್ನೂ ತೆರೆಯಲಿಲ್ಲ. ನಾನು ಕೈ ಹಾಕಲು ಹೋದರೆ ಬೇಡವೆಂದರು. ಹೆಣ ಹೊರುವವರ ಹಾಗೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಅವರು ಹತ್ತಿ ಇಳಿಯುವುದನ್ನು ನೋಡುತ್ತ ನಾನು ಗೋಡೆಗೆ ಒರಗಿ ನಿಂತಿದ್ದೆ. ಸಂಜೆಯೊಳಗೆ ಕೋಣೆ ಬರಿದಾಯಿತು. ಮಂಚಕ್ಕೆ ತೊಳೆದ ಹಾಸುಬಟ್ಟೆ ಹಾಸಿ, ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲಿ ಬಿಗಿಯಾಗಿ ಮಡಿಸಿ ಸಿಕ್ಕಿಸಿ, ಕಿಟಕಿ ತೆರೆದಿಟ್ಟರು. ಯಾರೂ ಬರಲಿಲ್ಲ. ಆದರೂ ವಾರಕ್ಕೊಮ್ಮೆ ಹಾಸುಬಟ್ಟೆ ಬದಲಾಗುತ್ತಿತ್ತು. ಮನೆಯಲ್ಲಿ ಜಾಗಕ್ಕೆ ಎಷ್ಟು ಪರದಾಟವಿದ್ದರೂ ಆ ಕೋಣೆಗೆ ಒಂದು ಕುರ್ಚಿಯನ್ನೂ ಯಾರೂ ಇಡಲಿಲ್ಲ.

ಕಾದಂಬರಿಯ ಉಳಿದ ಕಂತುಗಳನ್ನು ಅವರು ಲಾಡಿಯಲ್ಲಿ ಕಟ್ಟಿ, ನಾಲ್ಕನೆಯದರ ಜಾಗಕ್ಕೆ ಅಷ್ಟೇ ದಪ್ಪದ ರಟ್ಟಿನ ತುಂಡುಗಳನ್ನು ಸೇರಿಸಿ ಇಟ್ಟಿದ್ದರು. ಅವರು ಮಾತ್ರ ಇಡೀ ಕಥೆ ಓದಿದ್ದರು. ನಾವೆಲ್ಲ ಮೂರನೆಯ ಕಂತಿನ ತುದಿಯಲ್ಲಿ ಬಸ್ಸು ತಪ್ಪಿದವರ ಹಾಗೆ ನಿಂತೆವು. ಅಂಗಡಿಯಲ್ಲಿ ಆ ಪುಸ್ತಕ ಸಿಗುತ್ತಿತ್ತು. ಹೋಗಿ ತರುವಷ್ಟು ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ, ಅಥವಾ ತಾರದಿರುವಷ್ಟು ಬುದ್ಧಿ ಎಲ್ಲರಿಗೂ ಇತ್ತು. ಎರಡು ವರ್ಷ ಹೀಗೇ ಕಳೆಯಿತು. ಆ ನಡುವೆ ನನ್ನ ಮದುವೆಯಾಗಿ, ಹೊಸದಾಗಿ ಬಂದ ನನ್ನ ಹೆಂಡತಿ ಕೈಗೆ ಸಿಕ್ಕ ಆ ಕಟ್ಟಿನ ಮೂರು ಕಂತುಗಳನ್ನು ನಾನು ಕನ್ನಡಕ ಹುಡುಕುವಷ್ಟರಲ್ಲಿ ಓದಿ ಮುಗಿಸಿ, ಊಟದ ಹೊತ್ತಿನಲ್ಲಿ ಎಲ್ಲರ ಎದುರಿಗೇ ಕೇಳಿಬಿಟ್ಟಳು: 'ನಾಲ್ಕನೇದು ಕಳೆದುಹೋಗಿದೆಯಾ, ದೊಡ್ಡಮ್ಮ?'

ನಮ್ಮ ಕೈಯ ತುತ್ತು ಕೈಯಲ್ಲೇ ಉಳಿಯಿತು. ದೊಡ್ಡಮ್ಮ ಮಾತ್ರ ತಲೆ ಎತ್ತಿ, ಯಾವ ಸಂಕೋಚವೂ ಇಲ್ಲದೆ ಹೇಳಿದರು: 'ಕಳೆದಿಲ್ಲಮ್ಮ. ಓದ್ತಾ ಇದ್ದಾರೆ.'

ಆ ಉತ್ತರದಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ, ಎರಡು ವರ್ಷದಿಂದ ಒಂದು ಕಂತು ಓದುತ್ತಿರುವವರು ನನಗಿಂತ ನಿಧಾನಸ್ಥರು ಎಂಬ ಸಣ್ಣ ಸಂತೋಷವನ್ನೂ ನಾನು ಪಡಲಾರದೆ ಹೋದೆ.

ಅದಾದ ಕೆಲವು ತಿಂಗಳಿಗೆ, ಒಂದು ರಜೆಯ ಬೆಳಿಗ್ಗೆ, ಮನೆಯ ಮುಂದೆ ಬಾಡಿಗೆ ಕಾರೊಂದು ನಿಂತಿತು. ನಡೆಗೋಲು ಊರಿಕೊಂಡು, ಒಂದೊಂದೇ ಹೆಜ್ಜೆಯನ್ನು ಪರೀಕ್ಷಿಸಿಕೊಂಡು ಒಳಗೆ ಬಂದವರು ಚಿಕ್ಕಮ್ಮನ ತಾಯಿ, ಅದೇ ಅಜ್ಜಿ. ಹಿಂದೆ ಗೇಟಿನ ಹತ್ತಿರ, ಬೀದಿಯಲ್ಲಿ ಏನೋ ವಿಶೇಷ ನಡೆಯುತ್ತಿದೆ ಎಂಬಂತೆ ಅತ್ತ ಮುಖ ಮಾಡಿ ಚಿಕ್ಕಮ್ಮ ನಿಂತಿದ್ದಳು. ದೊಡ್ಡಮ್ಮ ಪಡಸಾಲೆಯ ಕುರ್ಚಿಯಲ್ಲಿ ಓದುತ್ತಿದ್ದರು. ಪುಟದ ನಡುವಿನಲ್ಲಿದ್ದರು, ನಾನು ಪಕ್ಕದಲ್ಲೇ ಇದ್ದೆ, ನೋಡಿದ್ದೇನೆ. ಅವರ ಬಲಗೈ ಅಲ್ಲಾಡಿತು. ಇನ್ನೇನು ಬೆರಳು ಮೇಲೇಳುತ್ತದೆ ಎಂದುಕೊಂಡೆ.

ಬೆರಳು ಏಳಲಿಲ್ಲ. ದೊಡ್ಡಮ್ಮ ಎದ್ದರು. ಗುರುತಿಗೊಂದು ದಾರವನ್ನೂ ಇಡದೆ ಪುಸ್ತಕ ಮುಚ್ಚಿ, ಎದ್ದು ನಿಂತರು.

ಅಜ್ಜಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಚೀಲದಿಂದ ಅಂಚು ಸವೆದು ಮೆತ್ತಗಾಗಿದ್ದ ಕಂತೊಂದನ್ನು ತೆಗೆದು, ನ್ಯಾಯ ಕೇಳಲು ಬಂದವರ ಹಾಗೆ ಮುಂದೆ ಚಾಚಿದರು.

'ನೋಡು ತಾಯಿ, ಮಲಗಿದ್ದಲ್ಲೇ ಇದನ್ನ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ. ಹಿಂದಿನ ಕಥೆ ನನ್ನ ಮಗಳು ಹೇಳಿದ್ಲು. ಮುಂದಿಂದು ಅವಳಿಗೂ ಗೊತ್ತಿಲ್ಲವಂತೆ. ಅಂಗಡಿಯಿಂದ ತಂದುಕೊಡೇ ಅಂದ್ರೆ, ಅದು ಅಕ್ಕನ ಮನೇಲಿದೆ, ಅಂಗಡಿಯಿಂದ ಯಾಕೆ ತರಬೇಕು ಅಂತಾಳೆ. ಹೋಗಿ ತಾ ಅಂದ್ರೆ ಮುಖ ತಿರುಗಿಸ್ತಾಳೆ. ನಿಮ್ಮ ಜಗಳಕ್ಕೆ ನಾನು ಸಾಯೋದ್ರೊಳಗೆ ಕಥೆ ಮುಗಿಯೋ ಹಾಗೆ ಕಾಣಲ್ಲ. ಆ ಹುಡುಗ ಹೋದ, ಕತ್ತಲೆಯಲ್ಲಿ ತಡಕಾಡಿದ, ಬಾಗಿಲು ತೆಗೆದು ನೋಡಿದರೆ ಅಲ್ಲಿ, ಅಂತ ನಿಂತುಹೋಗಿದೆ. ಆಮೇಲೆ?'

ಹೊಲಿಗೆ ಎಲ್ಲಿರುತ್ತದೋ ಅಲ್ಲೇ ಸೀಳುತ್ತಿದ್ದುದರಿಂದ ನಮ್ಮ ಕಂತುಗಳೆಲ್ಲ ಹೀಗೆ ವಾಕ್ಯದ ನಡುವೆಯೇ ನಿಲ್ಲುತ್ತಿದ್ದವು. ನಮಗದು ಅಭ್ಯಾಸ. ಆ ಮುದುಕಿ ಪಾಪ, ಎರಡು ವರ್ಷಕ್ಕೂ ಮೇಲೆ ಬಾಗಿಲಲ್ಲೇ ನಿಂತಿದ್ದರು.

ದೊಡ್ಡಮ್ಮ ಆ ಕಂತನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಮ್ಮ ಪದವನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅವರಿಗೆ ಅದೇ ಮೊದಲಿರಬೇಕು. 'ಹೇಳಲ್ಲಮ್ಮ' ಎಂದರು. 'ಈ ಮನೇಲಿ ಹೇಳೋ ಹಾಗಿಲ್ಲ. ನೀವೇ ಓದಬೇಕು. ಬನ್ನಿ, ನಿಮ್ಮ ಕೋಣೆ ಖಾಲಿ ಇದೆ.'

ಅಜ್ಜಿಯ ತೋಳು ಹಿಡಿದು ಅವರು ಕೋಣೆಗೆ ಕರೆದೊಯ್ದರು. ಬಿಗಿಯಾಗಿ ಹಾಸಿದ ಮಂಚದ ಮೇಲೆ, ಕಿಟಕಿಯ ಬೆಳಕು ಬೀಳುವ ಕಡೆ ಕೂರಿಸಿ, ಐದನೆಯ ಕಂತನ್ನು ಕೈಗಿತ್ತರು. ಮತ್ತೆ ಬಾಗಿಲಿಗೆ ಬಂದು ಗೇಟಿನ ಕಡೆ ನೋಡಿದರು.

'ನೀನ್ಯಾಕೆ ಅಲ್ಲಿ ನಿಂತಿದ್ದೀಯೇ? ಅವರದಾದ ಮೇಲೆ ನಿನ್ನದೇ ಸರದಿ.'

'ಮೊದಲು ನನ್ನ ಸರದಿ ಇತ್ತು' ಎಂದಳು ಚಿಕ್ಕಮ್ಮ, ಬೀದಿಯನ್ನೇ ನೋಡುತ್ತ.

'ಹೌದು, ಇತ್ತು. ತಪ್ಪಿಸಿದೋಳು ನಾನೇ.' ದೊಡ್ಡಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದು, 'ಬಾ ಒಳಗೆ' ಎಂದರು.

ದೊಡ್ಡಮ್ಮ ಓದು ಬಿಟ್ಟು ಎದ್ದು ನಿಂತದ್ದನ್ನು ಗೇಟಿನಿಂದಲೇ ನೋಡಿದೆನೆಂದು ಚಿಕ್ಕಮ್ಮ ಆಮೇಲೆ ನಮ್ಮಮ್ಮನ ಹತ್ತಿರ ಹೇಳಿದಳಂತೆ. ಬೀದಿಯನ್ನು ನೋಡುತ್ತಿದ್ದವಳಿಗೆ ಅದು ಹೇಗೆ ಕಂಡಿತೆಂದು ನಮ್ಮಮ್ಮ ಕೇಳಲಿಲ್ಲ.

ಒಡೆದ ಮನೆ ಮತ್ತೆ ಒಂದಾಗಲಿಲ್ಲ. ಚಿಕ್ಕಪ್ಪನ ಬಾಡಿಗೆ ಮನೆ ಹಾಗೇ ಉಳಿಯಿತು. ಸಾಲು ಮಾತ್ರ ಉದ್ದವಾಯಿತು. ಕಂತುಗಳು ಊರಿನ ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದವು. ಅಜ್ಜಿ ತಿಂಗಳಿಗೆ ನಾಲ್ಕು ದಿನ ಆ ಕೋಣೆಯಲ್ಲಿ ಇದ್ದುಹೋಗುತ್ತಿದ್ದರು, ಮತ್ತು ಓದುವ ವೇಗದಲ್ಲಿ ನನ್ನನ್ನು ಸುಲಭವಾಗಿ ಹಿಂದೆ ಹಾಕಿದರು. ಆ ಕಾದಂಬರಿ ಈಗ ಕಪಾಟಿನಲ್ಲಿದೆ, ನೀಲಿ ಪಟ್ಟೆಯ ಬಟ್ಟೆ ಹೊದ್ದು. ಬದಿಯಿಂದ ನೋಡಿದರೆ ನಡುವೆ ನಾಲ್ಕನೆಯ ಕಂತು ಮಾತ್ರ ಕಂದುಬಣ್ಣಕ್ಕೆ ತಿರುಗಿ, ಕೊಂಚ ಉಬ್ಬಿ, ಬೇರೆಯೇ ಆಗಿ ಕಾಣುತ್ತದೆ. ಮನೆಗೆ ಬಂದವರಿಗೆ ದೊಡ್ಡಮ್ಮ ತೋರಿಸುವ ಪುಸ್ತಕ ಅದೊಂದೇ. ಬಾಗಿಲು ತೆಗೆದಾಗ ಅಲ್ಲಿ ಏನಿತ್ತೆಂದು ಈಗ ನನಗೂ ಗೊತ್ತು. ಹೇಳುವ ಹಾಗಿಲ್ಲ.

ಇಂಥ ಓದುಗರು ಲೋಕದಲ್ಲಿ ಇನ್ನೂ ಕೆಲವರಿರಬಹುದು. ಅವರೊಡನೆ ಬಾಳುವುದು ಸುಲಭವಲ್ಲ. ಉಕ್ಕಿದ ಹಾಲನ್ನು ಒರೆಸುವವರು, ಎತ್ತಿದ ಬೆರಳಿನ ಮುಂದೆ ನಿಲ್ಲುವವರು ಯಾವಾಗಲೂ ನಾವೇ. ಪುಟದ ನಡುವಿನಿಂದ ಏಳುವುದನ್ನು ಕಲಿಯಲು ಅವರಿಗೆ ಒಂದು ಆಯುಷ್ಯ ಹಿಡಿಯುತ್ತದೆ, ಮತ್ತು ಅದರ ಬೆಲೆಯನ್ನು ಮನೆಯವರೆಲ್ಲ ಸೇರಿ ತೆರಬೇಕಾಗುತ್ತದೆ. ಆದರೆ ಕಥೆಗಳ ಜೊತೆ ಅಷ್ಟು ಕಾಲ ಕಳೆದದ್ದರಿಂದಲೋ ಏನೋ, ದೂರ ಹೋದವರನ್ನು ಅವರು ನಮ್ಮ ಹಾಗೆ ಬೇಗ ಲೆಕ್ಕದಿಂದ ತೆಗೆದುಹಾಕುವುದಿಲ್ಲ. ಜಾಗ ಕಾದಿಡುತ್ತಾರೆ, ರಟ್ಟಿನ ತುಂಡಾದರೂ ಇಟ್ಟು. ಕೈಯಿಂದ ಹೋದದ್ದು ಇನ್ನೊಂದು ಕೈಯಲ್ಲಿ ಇದ್ದೇ ಇರುತ್ತದೆ, ನಿಧಾನವಾಗಿಯಾದರೂ ಓದಲ್ಪಡುತ್ತಿರುತ್ತದೆ ಎಂಬ ಅವರ ನಂಬಿಕೆಯ ಮೇಲೆಯೇ, ಸಾಲಿನ ಕೊನೆಯಲ್ಲಿ ನಿಂತ ನನ್ನಂಥವರು ಇನ್ನೂ ಕಾಯುವ ಧೈರ್ಯ ಮಾಡಿದ್ದೇವೆ.