ಅವ್ವನಿಗೆ ಓದಿ ಹೇಳುವ ಹುಡುಗಿ

ನಾಲ್ಕನೇ ಕ್ಲಾಸಿನ ಮೇಘನಳಿಗೆ ಓದಲು ಬರುವುದಿಲ್ಲ ಎಂದು ತೀರ್ಮಾನಿಸಿ, ಅವಳನ್ನು ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳ ಜೊತೆ ಚಾಪೆಯ ಮೇಲೆ ಕೂರಿಸಿದವಳು ನಾನೇ. ಸುನಂದ ಮಿಸ್ ಅಂದರೆ ಶ್ರೀನಿವಾಸಪುರದ ಈ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಹದಿನಾರು ವರ್ಷದ ಸರ್ವೀಸು ನನ್ನದು. ತರಬೇತಿ ಅಂತ ಕೋಲಾರಕ್ಕೆ ಹೋಗಿ ತಿಂದ ಉಪ್ಪಿಟ್ಟನ್ನೆಲ್ಲ ಗುಡ್ಡೆ ಹಾಕಿದ್ದರೆ ನಮ್ಮ ಶಾಲೆಗೆ ಇಲ್ಲದ ಕಾಂಪೌಂಡನ್ನು ಅದರಲ್ಲೇ ಕಟ್ಟಬಹುದಿತ್ತು. ಅಷ್ಟು ತಿಂದರೂ ಬುದ್ಧಿ ಮಾತ್ರ ಬರಲಿಲ್ಲ.

ಮೇಘನಳ ಕತೆ ಹೀಗೆ. ಪುಸ್ತಕದಲ್ಲಿ ‘ಬಾಲಕಿಯು ಕೊಳದ ಬಳಿಗೆ ತೆರಳಿದಳು’ ಎಂದಿದ್ದರೆ ಇವಳ ಬಾಯಲ್ಲಿ ‘ಹುಡ್ಗಿ ಕುಂಟೆ ತಾವಕ್ಕೆ ಹೋದ್ಲು’ ಎಂದು ಬರುತ್ತಿತ್ತು. ಬೆರಳಿಟ್ಟು ಓದು ಅಂದರೆ ಬೆರಳು ಒಂದು ಕಡೆ, ಮಾತು ಇನ್ನೊಂದು ಕಡೆ. ಇದು ಚಿತ್ರ ನೋಡಿ ಕತೆ ಕಟ್ಟುವ ಗಿರಾಕಿ ಅಂದುಕೊಂಡೆ. ಎರಡು ಸಲ ತಿದ್ದಿದೆ, ಮೂರನೇ ಸಲ ಗದರಿದೆ. ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಬರುವುದಿಲ್ಲ ಎಂಬುದಕ್ಕೆ ನನಗೆ ಅದೇ ಸಾಕಾಯಿತು. ಹೋಗಿ ಚಾಪೆ ಮೇಲೆ ಕೂತು ಅಆಇಈ ತಿದ್ದು ಅಂದೆ. ತಿಂಗಳಾಯಿತು, ತಿದ್ದುತ್ತಿದ್ದಳು.

ಅಷ್ಟರಲ್ಲಿ ಓದುವ ಪರೀಕ್ಷೆ ಬಂತು. ಕ್ಲಸ್ಟರ್ ಆಫೀಸಿನಿಂದ ಶಿವಶಂಕರ್ ಸಾರ್ ಗುರುವಾರ ಬಂದು ಒಂದೊಂದೇ ಮಗುವಿನ ಕೈಲಿ ಓದಿಸುತ್ತಾರೆ, ಓದಲು ಬಾರದವರ ಪಟ್ಟಿ ಮೇಲಕ್ಕೆ ಹೋಗುತ್ತದೆ, ಆ ಪಟ್ಟಿಗೆ ಬಿದ್ದ ಮಗು ವರ್ಷವಿಡೀ ಚಿಕ್ಕವರ ಜೊತೆಯಲ್ಲೇ ಕೂರಬೇಕು ಎಂದು ಹುಕುಂ ಬಂದಿತ್ತು. ನಾಳೆ ಮನೆಯವರು ಬಂದು ಜಗಳ ತೆಗೆಯುವುದು ಬೇಡ, ಮೊದಲೇ ಒಂದು ಮಾತು ಹೇಳಿಬಿಡೋಣ ಎಂದು ಬುಧವಾರ ಶಾಲೆ ಬಿಟ್ಟ ಮೇಲೆ ಮೇಘನಳ ಮನೆಗೆ ಹೋದೆ.

ಅವಳ ಅಪ್ಪ ಅಮ್ಮ ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದು, ವಾರಕ್ಕೊಮ್ಮೆ ಬರುತ್ತಾರೆ. ಮಗು ಇರುವುದು ಅಜ್ಜಿ ಮುನಿಶಾಮಮ್ಮನ ಜೊತೆ. ತೆಲುಗು ಬೆರೆತ ಈ ಸೀಮೆಯಲ್ಲಿ ಅಜ್ಜಿಯನ್ನು ಅವ್ವ ಅನ್ನುತ್ತಾರೆ. ನಾನು ಹೋದಾಗ ಮುನಿಶಾಮಮ್ಮ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹರಡುತ್ತಿದ್ದಳು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಬಾ ಅಂದಳು. ಅವಳ ಹುಳುಗಳಿಗಿರುವ ಮರ್ಯಾದೆ ನಮ್ಮ ಆಫೀಸಿನಲ್ಲಿ ನನಗಿಲ್ಲ.

“ಮೇಘನಂಗೆ ಓದೋಕೆ ಬರಲ್ಲ ಮುನಿಶಾಮಮ್ಮ” ಎಂದು ನೇರವಾಗಿಯೇ ಶುರುಮಾಡಿದೆ.

“ಯಾರು ಹೇಳಿದ್ದು?”

“ನಾನೇ ಹೇಳ್ತಿರೋದು.”

“ಅದೇ, ನಿಮ್ಗೆ ಯಾರು ಹೇಳಿದ್ರು ಅಂತ” ಎಂದು ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. “ಮೂರು ಬೆಳೆಯಿಂದ ರೇಷ್ಮೆ ಆಫೀಸ್ನೋರು ಕೊಡೋ ಚೀಟಿಯೆಲ್ಲ ಓದಿ ಹೇಳ್ತಿರೋದು ಅವ್ಳೇ. ಅವ್ಳಿಗೆ ಓದಕ್ಕೆ ಬರ್ದೆ ಇದ್ರೆ ನನ್ನ ಹುಳ ಎಲ್ಲಾ ಎಂದೋ ತಿಪ್ಪೆ ಸೇರ್ತಿದ್ವು.”

ನಾನು ನಂಬಲಿಲ್ಲ. ಅಜ್ಜಿಯಂದಿರು ಮೊಮ್ಮಕ್ಕಳ ವಿಷಯದಲ್ಲಿ ಬಿಡುವ ರೈಲಿಗೆ ಹಳಿಯೇ ಬೇಕಾಗಿಲ್ಲ. ಗೋಡೆಯ ಗೂಡಿನಲ್ಲಿ ಸಿಕ್ಕಿಸಿದ್ದ ಒಂದು ಹೊಸ ಚೀಟಿ ಕಂಡಿತು. ನಿನ್ನೆ ಕೊಟ್ಟದ್ದಂತೆ, ಇನ್ನೂ ಓದಿಲ್ಲವಂತೆ. ಚಿತ್ರಗಿತ್ರ ಒಂದೂ ಇರಲಿಲ್ಲ. ತೆಗೆದು, ಬಾಗಿಲಲ್ಲಿ ನಿಂತಿದ್ದ ಮೇಘನಳ ಕೈಗೆ ಕೊಟ್ಟು, ಅವಳ ಹೆಗಲ ಮೇಲಿಂದ ನಾನೂ ನೋಡಿದೆ. ‘ಜ್ವರದಿಂದ ಎದ್ದ ಹುಳುಗಳ ಮೇಲೆ ಸೋಂಕುನಿವಾರಕ ಪುಡಿಯನ್ನು ಸಮನಾಗಿ ಸಿಂಪಡಿಸಿ, ಅರ್ಧ ಗಂಟೆಯ ತರುವಾಯ ಸೊಪ್ಪನ್ನು ನೀಡತಕ್ಕದ್ದು’ ಎಂದಿತ್ತು. ಹುಳು ಪೊರೆ ಬಿಡುವ ಹೊತ್ತಿಗೆ ಇಲ್ಲಿ ಜ್ವರ ಅನ್ನುತ್ತಾರೆ.

ಮೇಘನ ಚೀಟಿಯನ್ನು ಒಂದು ಗಳಿಗೆ ಕಣ್ಣಲ್ಲೇ ಓದಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, “ಅವ್ವಾ, ಜ್ವರ ಬಿಟ್ಟೆದ್ದಿರೋ ಹುಳ ಮ್ಯಾಲೆ ಆ ಮದ್ದಿನ ಪುಡಿ ಎಲ್ಲಾ ಕಡೆ ಒಂದೇ ಸಮ ಉದುರ್ಸ್ಬೇಕಂತೆ. ತಿರ್ಗ ಅರ್ಧ ಗಂಟೆ ಆದ್ಮೇಲೆ ಸೊಪ್ಪು ಹಾಕ್ಬೇಕಂತೆ. ಈಗ್ಲೇ ಹಾಕ್ಬ್ಯಾಡ” ಅಂದಳು.

ಮುನಿಶಾಮಮ್ಮ ಕೈಯಲ್ಲಿದ್ದ ಸೊಪ್ಪನ್ನು ವಾಪಸ್ಸು ಬುಟ್ಟಿಗೆ ಹಾಕಿದಳು. ಅಷ್ಟು ನಂಬಿಕೆ.

“ಚೀಟಿಯಲ್ಲಿ ಹೆಂಗಿದೆಯೋ ಹಂಗೇ ಓದೇ, ಒಂದಕ್ಷರ ಬಿಡಬೇಡ” ಎಂದೆ. ಅವಳು ಒಂದೇ ಉಸಿರಿಗೆ, ಸೋಂಕುನಿವಾರಕವನ್ನೂ ಬಿಡದೆ ಓದಿ ಮುಗಿಸಿದಳು. ಒಂದು ಒತ್ತಕ್ಷರವೂ ಜಾರಲಿಲ್ಲ.

“ಹಂಗೆ ಓದಿದ್ರೆ ನಾನೇ ಬೈಯೋದು” ಎಂದಳು ಮುನಿಶಾಮಮ್ಮ. “ಮೊದ್ಮೊದ್ಲು ಹಂಗೇ ರೇಡಿಯೋದೋರ ಥರ ಕೂಗೋಳು. ನಂಗೊಂದೂ ತಿಳೀತಿರ್ಲಿಲ್ಲ. ಕೂಗ್ಬೇಡ, ನೆಟ್ಟಗೆ ಓದು, ನಮ್ ಮಾತಾಗೆ ಹೇಳು ಅಂತ ನಾನೇ ಕಲ್ಸಿದ್ದು.”

ಆ ಮನೆಯಲ್ಲಿ ಓದುವುದು ಅಂದರೆ ಅದು. ಕಣ್ಣಲ್ಲಿ ಓದಿ, ಅರ್ಥ ಮಾಡಿಕೊಂಡು, ಎದುರಿಗಿರುವವರಿಗೆ ತಿಳಿಯುವ ಹಾಗೆ ಹೇಳಬೇಕು. ನಾಲ್ಕನೇ ಕ್ಲಾಸಿನ ಮಗು ಮಾಡುತ್ತಿದ್ದ ಈ ಕೆಲಸ ನನಗೆ ಬಿ.ಎಡ್. ಮುಗಿಸಿದ ಮೇಲೂ ಬರುತ್ತಿರಲಿಲ್ಲ. ಅಲ್ಲಿಯೇ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

“ನಾಳೆ ಸಾರ್ ಮುಂದೆ ಮಾತ್ರ ಪುಸ್ತಕದಲ್ಲಿ ಇದ್ದಂಗೇ ಓದ್ಬಿಡಮ್ಮ” ಎಂದು ಬೇಡಿಕೊಂಡೆ.

“ಯಾಕೆ, ಆ ಸಾರ್‌ಗೆ ಕನ್ನಡ ಬರಲ್ವಾ?” ಎಂದು ಮುನಿಶಾಮಮ್ಮ ಕೇಳಿದಳು.

ಗುರುವಾರ ಹತ್ತೂವರೆಗೆ ಶಿವಶಂಕರ್ ಬಂದರು. ಕೈಯಲ್ಲಿ ಮೊಬೈಲು. ಮಗು ಓದಿದ ಪದ ಸರಿಯಾದರೆ ಹಸಿರು, ತಪ್ಪಾದರೆ ಕೆಂಪು ಒತ್ತಬೇಕು, ನಿಮಿಷ ಮುಗಿದರೆ ಕಥೆ ಮುಗಿಯಿತು. ಎಲ್ಲರಿಗೂ ಒಂದೇ ಗದ್ಯ: ‘ರಾಮಯ್ಯನು ನೂತನ ಕೊಡೆಯೊಂದನ್ನು ಖರೀದಿಸಿದನು. ಮಾರ್ಗಮಧ್ಯದಲ್ಲಿ ಮಳೆ ಸುರಿಯಲಾರಂಭಿಸಿತು. ಕೊಡೆಯು ತೋಯುವುದೆಂದು ಹೆದರಿ ಅದನ್ನು ಅಂಗಿಯೊಳಗೆ ಅಡಗಿಸಿಕೊಂಡು, ತಾನು ನೆನೆಯುತ್ತಲೇ ಮನೆಯನ್ನು ಸೇರಿದನು.’

ನಮ್ಮ ಶಾಲೆಯ ಹೆಮ್ಮೆ ರಂಜಿತ ಮೊದಲು ಓದಿದಳು. ಮಿಕ್ಸಿ ತಿರುಗಿದ ಹಾಗೆ ನಲವತ್ತು ಸೆಕೆಂಡಿನಲ್ಲಿ ಮುಗಿಸಿದಳು. ಎಲ್ಲ ಹಸಿರು. ಆಮೇಲೆ ಹನ್ನೊಂದು ಮಕ್ಕಳು ಓದಿದರು. ರಾಮಯ್ಯ ಹನ್ನೆರಡು ಸಲ ನೆನೆದ. ಒಂದು ಮಗುವೂ ನಗಲಿಲ್ಲ. ಶಿವಶಂಕರ್ ಆಕಳಿಸಿದರು.

ಮೇಘನಳ ಸರದಿ ಬಂತು. ಚಾಪೆಯ ಮೇಲಿದ್ದ ಚಿಳ್ಳೆಗಳೆಲ್ಲ ತಮ್ಮವಳು ಓದುತ್ತಾಳೆ ಎಂದು ಅವಳಿಗೆ ಅಂಟಿಕೊಂಡು ಕೂತವು. ಅದೇ ಎಡವಟ್ಟಾಯಿತು. ಅವಳು ಹಾಳೆ ನೋಡಿದಳು, ತುಟಿಯಂಚಿನಲ್ಲಿ ನಕ್ಕಳು, ಅವರ ಕಡೆ ತಿರುಗಿಬಿಟ್ಟಳು.

“ರಾಮಯ್ಯ ಅನ್ನೋನು ಹೊಸಾ ಕೊಡೆ ತಗಂಡ್ನಂತೆ. ದಾರೀಲಿ ಮಳೆ ಹಿಡ್ಕಂತಂತೆ. ಅಯ್ಯೋ, ಹೊಸಾದು ನೆಂದೋಗ್ತೈತೆ ಅಂತ ಅಂಗಿಯಾಗೆ ಇಕ್ಕಂಡು, ತಾನು ನೆನ್ಕಂಡು ಮನೆಗ್ ಬಂದ್ನಂತೆ. ಪಿಚ್ಚೋಡು.”

ಚಾಪೆ ಪೂರ್ತಿ ಬಿದ್ದು ಬಿದ್ದು ನಕ್ಕಿತು. ಹಿಂದೆ ಕೂತಿದ್ದ ರಂಜಿತ, “ಓ, ಅದಾ?” ಎಂದು ಈಗ ನಗಲು ಶುರುಮಾಡಿದಳು. ಶಿವಶಂಕರ್ ಬಾಯಲ್ಲೂ ಒಂದು ನಗು ಹೊರಟಿದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನು ನುಂಗಿಕೊಂಡು ಅವರು ಕೆಂಪು ಒತ್ತತೊಡಗಿದರು.

“ಪಿಚ್ಚೋಡು, ಹುಚ್ಚ ಅಂತ ಎಲ್ಲಿದೆ ಪಾಠದಲ್ಲಿ?” ಎಂದರು.

“ಅಂಗಿಯೊಳಗೆ ಕೊಡೆ ಇಟ್ಕೊಂಡು ಹೋಗ್ತಿದ್ದಾನಲ್ಲ ಸಾರ್” ಎಂದೆ. “ಇನ್ನೊಂದು ಸಲ ಓದ್ಸಿ. ಅವಳಿಗೆ ಬರುತ್ತೆ.”

“ಒಂದೇ ಚಾನ್ಸು ಮೇಡಂ. ರೂಲ್ಸು.”

“ಹಂಗಾದ್ರೆ ಇವಳು ಹೇಳೋಕ್ ಮುಂಚೆ ಈ ಕಥೇಲಿ ಏನಾಯ್ತು ಅಂತ ಯಾರಿಗೆ ಗೊತ್ತಿತ್ತು, ಆ ಹನ್ನೆರಡು ಮಕ್ಕಳನ್ನೂ ಕೇಳಿ. ಒಬ್ರು ಗೊತ್ತಿತ್ತು ಅಂದ್ರೂ ಇವಳ ಹೆಸರು ಪಟ್ಟಿಗೆ ಬರ್ಕೊಳ್ಳಿ, ಕೆಳಗೆ ನಾನೇ ಸಹಿ ಹಾಕ್ತೀನಿ” ಎಂದೆ. ದನಿ ಏರಿತ್ತು. ಹದಿನಾರು ವರ್ಷದಲ್ಲಿ ಒಬ್ಬ ಸಾರ್ ಮುಂದೆಯೂ ನನ್ನ ದನಿ ಏರಿರಲಿಲ್ಲ.

ಶಿವಶಂಕರ್ ಆ ಹನ್ನೆರಡು ಮುಖಗಳನ್ನು ನೋಡಿದರು. ಕೇಳುವ ಧೈರ್ಯ ಮಾಡಲಿಲ್ಲ. ಮೊಬೈಲಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿ, ಓದು ಅಂದರು. ನಾನು ಮೇಘನಳ ಪಕ್ಕ ಕುಕ್ಕರಗಾಲಲ್ಲಿ ಕೂತು, “ಸಾರ್‌ಗೆ ಕೂಗಿ ಬಿಡಮ್ಮ” ಎಂದು ಕಿವಿಯಲ್ಲಿ ಹೇಳಿದೆ. ಅವಳು ಪಾಪ ಅನ್ನುವ ಹಾಗೆ ಅವರನ್ನು ನೋಡಿ, ಮಾರ್ಗಮಧ್ಯ, ಸುರಿಯಲಾರಂಭ ಎಲ್ಲವನ್ನೂ ಕೂಗಿದಳು. ಎಲ್ಲ ಹಸಿರು.

ಶಿವಶಂಕರ್ ಅವರ ಬೈಕು ಹೋದ ಮೇಲೆ ನಾನು ಚಾಪೆಯ ಹತ್ತಿರ ಬಂದು, “ಬ್ಯಾಗ್ ತಗೊಂಡು ನಿನ್ನ ಕ್ಲಾಸಿಗೆ ಹೋಗೇ” ಎಂದೆ. ಅವಳು ಏಳಲಿಲ್ಲ.

“ಮಿಸ್, ನಾನು ಮೊದ್ಲಿಂದ್ಲೂ ಓದ್ತಾನೇ ಇದ್ನಲ್ಲ. ಮತ್ಯಾಕೆ ಇಲ್ಲಿ ಕೂರ್ಸಿದ್ರಿ?”

ಕಲಿಕಾ ಮಟ್ಟ, ಪರಿಹಾರ ಬೋಧನೆ ಎಂದು ಜಾರಿಕೊಳ್ಳಲು ನನ್ನ ಬಳಿ ಬೇಕಾದಷ್ಟು ಪದಗಳಿದ್ದವು. ಮಗು ಕಾಯುತ್ತಿತ್ತು.

“ನೀನು ಓದ್ತಿದ್ದೆ ಕಣೇ. ನಂಗೆ ಕೇಳಿಸ್ಕೊಳ್ಳೋಕೆ ಬರ್ತಿರ್ಲಿಲ್ಲ.”

ಮೇಘನ ಬ್ಯಾಗು ಹೆಗಲಿಗೇರಿಸಿ ಎದ್ದು, ತಾನು ಕೂತಿದ್ದ ಜಾಗವನ್ನು ಕೈಯಿಂದ ಒರೆಸಿದಳು.

“ಹಂಗಾದ್ರೆ ನೀವು ಕೂತ್ಕಳಿ ಮಿಸ್” ಅಂದಳು.

ಕುಹಕ ಒಂದಿಷ್ಟೂ ಇರಲಿಲ್ಲ. ಬರದವರು ಕೂರುವ ಜಾಗ ಅದು ಎಂದು ಅವಳಿಗೆ ಕಲಿಸಿದ್ದು ನಾನೇ. ಕೂತೆ.